ಕಾಲದ ಮೆಟ್ಟಿಲು ಹತ್ತುವ ರಸ್ತೆ

ಅಮೆರಿಕದ ನೈಋತ್ಯ ಮೂಲೆಯಲ್ಲಿ ಯೂಟಾ, ಅರಿಜೋನ, ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ಎಂಬ ನಾಲ್ಕು ರಾಜ್ಯಗಳ ಗಡಿಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಸುತ್ತ ಸುಮಾರು 3,37,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂದೂಮುಕ್ಕಾಲು ಪಟ್ಟು ವಿಸ್ತಾರಕ್ಕೆ ಹರಡಿರುವ ಎತ್ತರದ ಒಣನೆಲಕ್ಕೆ ಕೊಲೊರಾಡೊ ಪ್ರಸ್ಥಭೂಮಿ ಎಂದು ಹೆಸರು. ಗ್ರ್ಯಾಂಡ್ ಕ್ಯಾನಿಯನ್, ಜಯಾನ್, ಬ್ರೈಸ್ ಕ್ಯಾನಿಯನ್, ಆರ್ಚಸ್, ಮಾನ್ಯುಮೆಂಟ್ ವ್ಯಾಲಿ ಮೊದಲಾಗಿ ಕ್ಯಾಲೆಂಡರಿನ ಚಿತ್ರಗಳಿಂದಲೂ ಸಿನಿಮಾಗಳಿಂದಲೂ ಪರಿಚಿತವಾದ ಕೆಂಪುಕಲ್ಲಿನ ಕಮರಿಗಳೂ ಕಮಾನುಗಳೂ ಕಂಬಗಳೂ ಇರುವುದು ಈ ನೆಲದಲ್ಲೇ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಕನ್ನಡದ ತಂದೆತಾಯಂದಿರಲ್ಲಿ ಅನೇಕರು ಇತ್ತ ಬರುತ್ತಾರೆ. ಆದರೆ ಲಾಸ್ ವೇಗಸ್‌ನಿಂದ ನಸುಕಿನಲ್ಲಿ ಹೊರಟು, ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಲ್ಲಿ ಒಂದೆರಡು ಗಂಟೆ ನಿಂತು, ಫೋಟೊ ತೆಗೆಸಿಕೊಂಡು, ರಾತ್ರಿಯೊಳಗೆ ಮರಳುವುದೇ ಎಷ್ಟೋ ಸಲ ಪ್ರವಾಸವೆನಿಸಿಕೊಳ್ಳುತ್ತದೆ. ಹೋಗಿಬರುವ ದಾರಿಯೇ ಒಂಬೈನೂರು ಕಿಲೋಮೀಟರ್ ಆಗುವ ಅಂಥ ದಿನದಲ್ಲಿ ಕಣ್ಣು ಕಲ್ಲನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಡಾಂಬರನ್ನು ನೋಡಿರುತ್ತದೆ.

ಈ ಸೀಮೆಯ ಪ್ರವಾಸವನ್ನು ಯೋಜಿಸುವವರು ಊರುಗಳ ಪಟ್ಟಿ ಮಾಡುವ ಮೊದಲು ಇಲ್ಲಿನ ಕಲ್ಲು ಯಾವ ಕ್ರಮದಲ್ಲಿ ಜೋಡಣೆಯಾಗಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಯಾವ ಜಾಗದ ಬಳಿಕ ಯಾವ ಜಾಗ ಎಂಬ ಪ್ರಶ್ನೆಗೆ ಆ ಜೋಡಣೆಯೇ ಉತ್ತರ ಕೊಡುತ್ತದೆ. ಕೋಟ್ಯಂತರ ವರ್ಷಗಳ ಕಾಲ ಸಮುದ್ರ, ನದಿಬಯಲು, ಮರಳುಗಾಡು, ಸರೋವರಗಳು ಒಂದಾದ ಮೇಲೊಂದರಂತೆ ಇಲ್ಲಿ ಬಂದುಹೋಗಿ, ತಮ್ಮ ತಮ್ಮ ಮರಳು, ಕೆಸರು, ಸುಣ್ಣಗಳನ್ನು ಪದರಪದರವಾಗಿ ಬಿಟ್ಟುಹೋದವು. ಹೀಗೆ ಕೂಡಿಬಿದ್ದದ್ದು ಮೇಲಿನ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾದಾಗ ಉಂಟಾಗುವ ಕಲ್ಲನ್ನು ಪದರುಶಿಲೆ ಎನ್ನುತ್ತಾರೆ. ಮುಂದೆ ಭೂಮಿಯೊಳಗಿನ ಒತ್ತಡದಿಂದ ಈ ಇಡೀ ಸೀಮೆ ಮೇಲಕ್ಕೆದ್ದರೂ ಪದರಗಳು ಬಹುಮಟ್ಟಿಗೆ ಮಡಚಿಕೊಳ್ಳದೆ ಮಟ್ಟಸವಾಗಿಯೇ ಉಳಿದವು. ನೆಲ ಎದ್ದಂತೆ ನದಿಗಳ ಇಳಿಜಾರು ಕಡಿದಾಗಿ, ಅವು ಆ ಪದರಗಳನ್ನು ಆಳವಾಗಿ ಕೊರೆದವು. ಮಳೆ ಕಡಿಮೆಯಾದ್ದರಿಂದ ಕಲ್ಲಿನ ಮೇಲೆ ಮಣ್ಣೂ ಹಸಿರೂ ದಟ್ಟವಾಗಿ ಮುಚ್ಚಿಕೊಳ್ಳಲಿಲ್ಲ. ಕೂಡಿಬಿದ್ದದ್ದು, ಎದ್ದದ್ದು, ಕೊರೆದದ್ದು, ಮುಚ್ಚದೆ ಉಳಿದದ್ದು ಎಂಬ ಈ ನಾಲ್ಕೂ ಒಂದೇ ಕಡೆ ಕೂಡಿಬಂದದ್ದರಿಂದ ಭೂಮಿಯ ಚರಿತ್ರೆ ಇಲ್ಲಿ ಬರಿಗಣ್ಣಿಗೆ ಕಾಣುವಂತಾಯಿತು.

ಈ ನೆಲವನ್ನು ಒಂದು ಭಾರಿ ಮೆಟ್ಟಿಲಸಾಲಿನಂತೆ ಮೊದಲು ಕಂಡವನು 1870ರ ದಶಕದಲ್ಲಿ ಇಲ್ಲಿ ಸಮೀಕ್ಷೆ ನಡೆಸಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್. ಗ್ರ್ಯಾಂಡ್ ಕ್ಯಾನಿಯನ್ನಿನಿಂದ ಉತ್ತರಕ್ಕೆ ಬ್ರೈಸ್ ಕ್ಯಾನಿಯನ್ನಿನವರೆಗೆ ಹೋಗುವಾಗ ಸಾಲುಸಾಲಾಗಿ ಬಂಡೆಗೋಡೆಗಳು ಎದುರಾಗುತ್ತವೆ. ಒಂದೊಂದು ಗೋಡೆಯೂ ಒಂದೊಂದು ಮೆಟ್ಟಿಲು, ಕೆಳಗಿನ ಮೆಟ್ಟಿಲಿನ ಕಲ್ಲು ಹಳೆಯದು, ಮೇಲಿನದು ಹೊಸದು. ಬಣ್ಣಗಳಿಂದಲೇ ಅವುಗಳಿಗೆ ಹೆಸರು ಬಂದಿದೆ: ಕೆಳಗೆ ಚಾಕೊಲೇಟ್ ಬಣ್ಣದ ಗೋಡೆ, ಅದರ ಮೇಲೆ ಸಿಂಧೂರ ಬಣ್ಣದ್ದು, ಅದರ ಮೇಲೆ ಬಿಳಿಯದು, ಬೂದುಬಣ್ಣದ್ದು, ಎಲ್ಲಕ್ಕಿಂತ ಮೇಲೆ ಗುಲಾಬಿ ಬಣ್ಣದ್ದು. ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಲ್ಲಿ ಪ್ರವಾಸಿಗರ ಕಾಲಡಿಗೆ ಇರುವುದು ಸುಮಾರು 27 ಕೋಟಿ ವರ್ಷ ಹಳೆಯ ಕೈಬಾಬ್ ಎಂಬ ಸುಣ್ಣಕಲ್ಲು. ಅದೇ ಕಲ್ಲು ಉತ್ತರದ ಜಯಾನ್ ಸೀಮೆಯಲ್ಲಿ ಅತ್ಯಂತ ತಳದ ಪದರವಾಗಿ ಕಾಣಸಿಗುತ್ತದೆ. ಜಯಾನ್‌ನ ಎತ್ತರದ ಗೋಡೆಗಳು ಸುಮಾರು 18 ಕೋಟಿ ವರ್ಷ ಹಿಂದಿನ ಮರಳುದಿಬ್ಬಗಳು ಕಲ್ಲಾದದ್ದರಿಂದ ಆದವು. ಅದರ ತುದಿಯ ಪದರಗಳು ಬ್ರೈಸ್‌ನ ತಳಕ್ಕೆ ಸೇರುತ್ತವೆ. ಬ್ರೈಸ್‌ನ ಗುಲಾಬಿ ಕಂಬಗಳ ಕಲ್ಲು ಸುಮಾರು ಐದು ಕೋಟಿ ವರ್ಷಗಳ ಹಿಂದೆ ಸರೋವರಗಳ ತಳದಲ್ಲಿ ಕೂಡಿಬಿದ್ದದ್ದು. ದಕ್ಷಿಣದಿಂದ ಉತ್ತರಕ್ಕೆ, ಗ್ರ್ಯಾಂಡ್ ಕ್ಯಾನಿಯನ್, ಜಯಾನ್, ಬ್ರೈಸ್ ಎಂಬ ಕ್ರಮದಲ್ಲಿ ಹೋದವರು ಹಳೆಯ ಕಾಲದಿಂದ ಹೊಸ ಕಾಲದತ್ತ ಒಂದೊಂದೇ ಮೆಟ್ಟಿಲು ಹತ್ತಿದಂತಾಗುತ್ತದೆ. ಪ್ರವಾಸದ ದಾರಿಗೆ ಇದಕ್ಕಿಂತ ಸಹಜವಾದ ಕ್ರಮ ಬೇರೊಂದಿಲ್ಲ.

ಮೆಟ್ಟಿಲಿನ ಬುಡದಲ್ಲಿ, ಗ್ರ್ಯಾಂಡ್ ಕ್ಯಾನಿಯನ್ನಿನ ಒಳಗಮರಿಯಲ್ಲಿ, ನದಿಯ ಮಗ್ಗುಲಿಗೆ ಕಪ್ಪಗೆ ಕಾಣುವ ಕಲ್ಲು ಪದರುಶಿಲೆಯ ಜಾತಿಗೆ ಸೇರಿದ್ದಲ್ಲ; ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಸ್ವರೂಪವನ್ನೇ ಬದಲಿಸಿಕೊಂಡ ರೂಪಾಂತರ ಶಿಲೆ ಅದು. ಸುಮಾರು 170 ಕೋಟಿ ವರ್ಷ ಪ್ರಾಯದ ಈ ಕಲ್ಲಿನ ಹೆಸರು ಕನ್ನಡ ಓದುಗರಿಗೆ ಅಚ್ಚರಿ ತರುವಂಥದ್ದು: ಭೂವಿಜ್ಞಾನದ ಪುಸ್ತಕಗಳಲ್ಲಿ ಅದು ವಿಷ್ಣು ಶಿಸ್ಟ್. ಅದರ ಜೊತೆಗೆ ಬ್ರಹ್ಮ ಶಿಸ್ಟ್, ರಾಮ ಶಿಸ್ಟ್ ಎಂಬವೂ ಇವೆ. ಕಮರಿಯ ನಡುವೆ ಎದ್ದುನಿಂತಿರುವ ಶಿಖರಗಳು ಡಟ್ಟನ್ನನಿಗೆ ಪೂರ್ವದೇಶಗಳ ದೇಗುಲಗಳಂತೆ ಕಂಡದ್ದರಿಂದ ಅವನು ಅವುಗಳಿಗೆ ವಿಷ್ಣು ಮಂದಿರ, ಶಿವ ಮಂದಿರ ಎಂಬಂಥ ಹೆಸರುಗಳನ್ನಿಟ್ಟ; ಮುಂದೆ ವಿಷ್ಣುವಿನ ಹೆಸರು ತಳದ ಕಲ್ಲಿಗೂ ಬಂತು. ಆ ಕಪ್ಪುಕಲ್ಲಿನ ಮೇಲೆ ನೇರವಾಗಿ ಕುಳಿತಿರುವ ಮರಳುಗಲ್ಲಿನ ಪದರ ಕೇವಲ 50 ಕೋಟಿ ವರ್ಷ ಹಳೆಯದು. ಎರಡರ ನಡುವೆ ಬೆರಳಿಟ್ಟು ತೋರಿಸಬಹುದಾದ ಗೆರೆಯಷ್ಟೇ ಇದ್ದು, ಆ ಗೆರೆಯಲ್ಲಿ ಸುಮಾರು 120 ಕೋಟಿ ವರ್ಷಗಳ ಕಲ್ಲು ಸವೆದು ಕಾಣೆಯಾಗಿದೆ. ಇಷ್ಟೆಲ್ಲವನ್ನೂ ತೆರೆದು ತೋರಿಸಿದ ಕೊಲೊರಾಡೊ ನದಿ ಕಮರಿಯನ್ನು ಕೊರೆಯಲು ತೆಗೆದುಕೊಂಡದ್ದು ಸುಮಾರು 50ರಿಂದ 60 ಲಕ್ಷ ವರ್ಷ ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಕಲ್ಲಿನ ಪ್ರಾಯಕ್ಕೆ ಹೋಲಿಸಿದರೆ ಕಮರಿ ತೀರ ಎಳೆಯದು.

ಈ ಲೆಕ್ಕಗಳು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದು ಕಷ್ಟ. ಅದಕ್ಕಾಗಿಯೇ ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿನಲ್ಲಿ, ಯಾವಪೈ ಭೂವಿಜ್ಞಾನ ಸಂಗ್ರಹಾಲಯದಿಂದ ಅಲ್ಲಿನ ಹಳ್ಳಿಯತ್ತ ಸಾಗುವ ಸಮತಟ್ಟಾದ ಕಾಲುದಾರಿಯಲ್ಲಿ ‘ಕಾಲದ ಹಾದಿ’ ಎಂಬುದನ್ನು ರೂಪಿಸಿದ್ದಾರೆ. ಅದರಲ್ಲಿ ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ನಡೆದಂತೆ. ಮೀಟರಿಗೊಂದರಂತೆ ನೆಲದಲ್ಲಿ ಕಂಚಿನ ಗುರುತುಗಳಿವೆ. ಆಯಾ ಕಾಲಕ್ಕೆ ಸೇರಿದ ಕಲ್ಲನ್ನೇ ಕಮರಿಯಿಂದ ತಂದು ಪಕ್ಕದಲ್ಲಿ ನಿಲ್ಲಿಸಿದ್ದಾರೆ, ಮುಟ್ಟಿನೋಡಬಹುದು. ನದಿ ಕಮರಿಯನ್ನು ಕೊರೆದ ಅವಧಿಯೆಲ್ಲ ಐದಾರು ಮೀಟರಿನಲ್ಲಿ ಮುಗಿಯುತ್ತದೆ, ಅಂಚಿನ ಸುಣ್ಣಕಲ್ಲನ್ನು ತಲುಪಲು 270 ಮೀಟರ್ ಬೇಕು, ವಿಷ್ಣು ಶಿಸ್ಟಿನ ಬಳಿಗೆ ಬರುವಷ್ಟರಲ್ಲಿ ಸುಮಾರು 1.7 ಕಿಲೋಮೀಟರ್ ನಡೆದಿರುತ್ತೇವೆ. ಕಮರಿಗೆ ಇಳಿಯಲಾಗದ ಹಿರಿಯರಿಗೆ ದಕ್ಷಿಣ ಅಂಚಿನಲ್ಲಿ ಇದಕ್ಕಿಂತ ಒಳ್ಳೆಯ ಎರಡು ಗಂಟೆಗಳು ಸಿಗಲಾರವು.

ಜಯಾನ್ ಕಮರಿಯ ಕಲ್ಲನ್ನು ಹತ್ತಿರದಿಂದ ನೋಡುವವರಿಗೆ ಬೇರೊಂದು ಬಗೆಯ ಬರಹ ಕಾಣುತ್ತದೆ. ಕೆಲವೆಡೆ 600 ಮೀಟರ್ ದಪ್ಪವಿರುವ ಅಲ್ಲಿನ ನವಾಹೊ ಮರಳುಗಲ್ಲಿನ ಮೈಮೇಲೆ ಓರೆಯಾಗಿ, ಬಾಚಣಿಗೆ ಎಳೆದಂತೆ ಸಣ್ಣ ಗೆರೆಗಳಿದ್ದು, ಒಂದು ಗುಂಪಿನ ಗೆರೆಗಳು ಒಂದು ದಿಕ್ಕಿಗೆ, ಅದರ ಮೇಲಿನ ಗುಂಪಿನವು ಇನ್ನೊಂದು ದಿಕ್ಕಿಗೆ ವಾಲಿರುತ್ತವೆ. ಗಾಳಿ ಮರಳನ್ನು ದಿಬ್ಬದ ಹಿಂಬದಿಯಿಂದ ತಳ್ಳಿ ಮುಂಬದಿಯ ಇಳಿಜಾರಿನಲ್ಲಿ ಜಾರಿಸಿದಾಗಲೆಲ್ಲ ಒಂದೊಂದು ಗೆರೆ ಮೂಡಿತು. ಗಾಳಿಯ ದಿಕ್ಕು ಬದಲಾದಾಗ ಗೆರೆಗಳ ಓಲುವಿಕೆಯೂ ಬದಲಾಯಿತು. ಹದಿನೆಂಟು ಕೋಟಿ ವರ್ಷದ ಹಿಂದೆ ಗಾಳಿ ಎತ್ತ ಬೀಸುತ್ತಿತ್ತು ಎಂಬುದನ್ನು ಬಂಡೆಯ ಮೈ ಇಂದಿಗೂ ಹೇಳುತ್ತದೆ. ಬಾದಾಮಿಯ ಬಂಡೆಗಳಲ್ಲಿಯೂ ಇಂಥ ಓರೆಗೆರೆಗಳನ್ನು ಗಮನಿಸಬಹುದು. ಆ ಮರಳುಗಲ್ಲು ಜಯಾನ್‌ನದಕ್ಕಿಂತ ಬಹಳ ಹಳೆಯದು, ಮತ್ತು ಎರಡೂ ಕಡೆ ಕೆಂಪು ಬಣ್ಣಕ್ಕೆ ಕಾರಣ ಮರಳಿನ ಕಣಗಳಿಗೆ ಅಂಟಿಕೊಂಡ ಕಬ್ಬಿಣದ ತುಕ್ಕೇ. ಜಯಾನ್‌ನಲ್ಲಿ ಇನ್ನೊಂದನ್ನೂ ನೋಡಬೇಕು. ಮೇಲೆ ಬಿದ್ದ ಮಳೆನೀರು ಮರಳುಗಲ್ಲಿನೊಳಗೆ ಇಂಗುತ್ತ ಸಾವಿರಾರು ವರ್ಷ ಕೆಳಕ್ಕಿಳಿದು, ನೀರು ಬಿಡದ ಜೇಡಿಪದರಕ್ಕೆ ತಾಗಿದಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿದು ಗೋಡೆಯಿಂದ ಜಿನುಗುತ್ತದೆ. ಜಿನುಗುವ ಆ ಸಾಲಿನುದ್ದಕ್ಕೂ ಮರುಭೂಮಿಯ ನಡುವೆಯೇ ಜರಿಗಿಡಗಳೂ ಹೂಗಳೂ ತೊಟ್ಟಿಲು ಕಟ್ಟಿದಂತೆ ಜೋತುಬಿದ್ದಿರುತ್ತವೆ.

ಬ್ರೈಸ್ ಕ್ಯಾನಿಯನ್ ಹೆಸರಿಗೆ ಕಮರಿಯಾದರೂ ನದಿ ಕೊರೆದ ಕಮರಿಯಲ್ಲ. ಪ್ರಸ್ಥಭೂಮಿಯ ಅಂಚು ಸವೆದು ಅರ್ಧಚಂದ್ರಾಕಾರದ ಬೋಗುಣಿಗಳಾಗಿರುವ ಜಾಗ ಅದು. ಅಲ್ಲಿ ಸಾವಿರಗಟ್ಟಲೆ ನಿಂತಿರುವ ತೆಳುಗಂಬಗಳಿಗೆ ಹೂಡೂ ಎಂದು ಹೆಸರು. ವರ್ಷದಲ್ಲಿ ಸುಮಾರು 200 ದಿನ ಅಲ್ಲಿ ಹಗಲು ಹಿಮ ಕರಗುವಷ್ಟು ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ. ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ, ಮರುದಿನ ಕರಗಿ ಇನ್ನಷ್ಟು ಒಳಕ್ಕೆ ಇಳಿಯುತ್ತದೆ. ಗೋಡೆ ಕಿಟಕಿಯಾಗಿ, ಕಿಟಕಿಯ ನೆತ್ತಿ ಕುಸಿದು ಕಂಬವಾಗುತ್ತದೆ. ಆರ್ಚಸ್‌ನಲ್ಲಿರುವ ಎರಡು ಸಾವಿರಕ್ಕೂ ಹೆಚ್ಚು ಕಮಾನುಗಳ ಕಥೆ ನೆಲದಡಿಯ ಉಪ್ಪಿನದು: ಸುಮಾರು 30 ಕೋಟಿ ವರ್ಷದ ಹಿಂದೆ ಸಮುದ್ರ ಬತ್ತಿ ಉಳಿದ ಉಪ್ಪಿನ ಭಾರಿ ಪದರ ಮೇಲಿನ ಕಲ್ಲಿನ ಭಾರಕ್ಕೆ ಹಿಟ್ಟಿನಂತೆ ಜರುಗಿ ಉಬ್ಬಿತು, ಮೇಲಿನ ಮರಳುಗಲ್ಲು ಸಾಲುಸಾಲಾಗಿ ಬಿರಿಯಿತು, ಬಿರುಕುಗಳ ನಡುವೆ ಉಳಿದ ತೆಳುಗೋಡೆಗಳಲ್ಲಿ ತೂತು ಬಿದ್ದು ಕಮಾನುಗಳಾದವು. ಈ ಕೆಲಸ ಇನ್ನೂ ನಿಂತಿಲ್ಲ. ಸುಮಾರು 90 ಮೀಟರ್ ಅಗಲಕ್ಕೆ ಚಾಚಿರುವ ಲ್ಯಾಂಡ್‌ಸ್ಕೇಪ್ ಕಮಾನಿನಿಂದ 1991ರಲ್ಲಿ ಹದಿನೆಂಟು ಮೀಟರ್ ಉದ್ದದ ಚಪ್ಪಡಿ ಕಳಚಿಬಿತ್ತು. ಅದರ ಅಡಿಯ ದಾರಿಯನ್ನು ಆಮೇಲೆ ಮುಚ್ಚಿದರು. 2008ರ ಆಗಸ್ಟಿನಲ್ಲಿ ವಾಲ್ ಆರ್ಚ್ ಎಂಬ ಕಮಾನು ಪೂರ್ತಿಯಾಗಿ ಕುಸಿಯಿತು.

ದಾರಿಯ ಲೆಕ್ಕ ಹೀಗಿದೆ. ಫೀನಿಕ್ಸ್ ನಗರದಿಂದ ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿಗೆ ಸುಮಾರು 370 ಕಿಲೋಮೀಟರ್, ಲಾಸ್ ವೇಗಸ್‌ನಿಂದಾದರೆ 450. ಅಲ್ಲಿಂದ ಪೂರ್ವದ ಡೆಸರ್ಟ್ ವ್ಯೂ ದ್ವಾರದ ಮೂಲಕ ಹೊರಬಿದ್ದು ಪೇಜ್ ಎಂಬ ಊರಿಗೆ 220, ಪೇಜ್‌ನಿಂದ ಜಯಾನ್‌ಗೆ 185, ಜಯಾನ್‌ನಿಂದ ಬ್ರೈಸ್‌ಗೆ 135. ಒಂದು ವಾರವಷ್ಟೇ ಇರುವವರು ಇಲ್ಲಿಗೆ ನಿಲ್ಲಿಸಿ 420 ಕಿಲೋಮೀಟರ್ ದೂರದ ಲಾಸ್ ವೇಗಸ್‌ಗೆ ಮರಳುವುದು ವಿವೇಕ. ಹತ್ತು ಹನ್ನೆರಡು ದಿನ ಇರುವವರು ಬ್ರೈಸ್‌ನಿಂದ ಯೂಟಾದ 12ನೇ ಹೆದ್ದಾರಿ ಹಿಡಿದು ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನಕ್ಕೆ 190, ಅಲ್ಲಿಂದ ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ಉದ್ಯಾನಗಳ ಬಾಗಿಲೂರಾದ ಮೋಅಬ್‌ಗೆ 230, ಮೋಅಬ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ 240 ಹೀಗೆ ಸಾಗಿ ಫೀನಿಕ್ಸ್‌ಗೆ ಮರಳಿದರೆ ಒಟ್ಟು ಸುಮಾರು 2,100 ಕಿಲೋಮೀಟರ್ ಆಗುತ್ತದೆ. ಈ ದಾರಿಯಲ್ಲಿ ಯಾವುದಾದರೂ ಒಂದು ತುಂಡನ್ನು ಆತುರವಿಲ್ಲದೆ ಹಗಲಿನಲ್ಲೇ ಕ್ರಮಿಸಬೇಕೆಂದಿದ್ದರೆ ಅದು 12ನೇ ಹೆದ್ದಾರಿಯೇ. ಒಂದೆಡೆ ರಸ್ತೆ ಎರಡೂ ಬದಿಗೆ ಪ್ರಪಾತವಿರುವ ಕಲ್ಲಿನ ಬೆನ್ನೇಣಿನ ಮೇಲೆ ಸಾಗುತ್ತದೆ. ಕ್ಯಾಪಿಟಲ್ ರೀಫ್‌ನಲ್ಲಿ ಹಿಂದೆ ನೆಲೆಸಿದ್ದ ಮಾರ್ಮನ್ ಪಂಥದವರು ನೆಟ್ಟ ಹಣ್ಣಿನ ತೋಟಗಳನ್ನು ಉದ್ಯಾನದವರು ಇಂದಿಗೂ ಕಾಪಾಡಿಕೊಂಡು ಬಂದಿದ್ದು, ಹಣ್ಣಿನ ಕಾಲದಲ್ಲಿ ಪ್ರವಾಸಿಗರು ತಾವೇ ಕಿತ್ತು ತಿನ್ನಬಹುದು.

ನಕ್ಷೆಯಲ್ಲಿ ಹತ್ತಿರ ಕಾಣುವುದು ಇಲ್ಲಿ ಹತ್ತಿರವಿರುವುದಿಲ್ಲ ಎಂಬುದಕ್ಕೆ ಗ್ರ್ಯಾಂಡ್ ಕ್ಯಾನಿಯನ್ನಿಗಿಂತ ಒಳ್ಳೆಯ ಉದಾಹರಣೆ ಬೇಡ. ದಕ್ಷಿಣದ ಅಂಚಿನಿಂದ ಉತ್ತರದ ಅಂಚಿಗೆ ಹದ್ದಿನ ದಾರಿ 16 ಕಿಲೋಮೀಟರ್. ಕಾರಿಗೆ ಸುಮಾರು 340 ಕಿಲೋಮೀಟರ್. ಉತ್ತರದ ಅಂಚು ಹಿಮದ ಕಾರಣದಿಂದ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅಲ್ಲಿದ್ದ ಐತಿಹಾಸಿಕ ವಸತಿಗೃಹ 2025ರ ಜುಲೈನಲ್ಲಿ ಕಾಳ್ಗಿಚ್ಚಿಗೆ ಆಹುತಿಯಾದ್ದರಿಂದ, ಅತ್ತ ಹೋಗಬೇಕೆನ್ನುವವರು ಏನೇನು ತೆರೆದಿದೆ ಎಂಬುದನ್ನು ಉದ್ಯಾನದ ಪ್ರಕಟಣೆಯಲ್ಲಿ ನೋಡಿಕೊಂಡೇ ಹೊರಡಬೇಕು.

ಕಾಲವನ್ನು ಆರಿಸುವುದು ದಾರಿಯನ್ನು ಆರಿಸುವುದಕ್ಕಿಂತ ಮುಖ್ಯವಾದ ವಿಷಯ. ಏಪ್ರಿಲ್ ಮತ್ತು ಮೇ, ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರ್ ಇಲ್ಲಿ ಎಲ್ಲಕ್ಕಿಂತ ಹಿತವಾದ ತಿಂಗಳುಗಳು. ಊರಿನಿಂದ ತಂದೆತಾಯಿ ಬರುವುದೂ ಮೊಮ್ಮಕ್ಕಳಿಗೆ ರಜೆ ಸಿಗುವುದೂ ಜೂನ್, ಜುಲೈ ತಿಂಗಳುಗಳಲ್ಲಾದ್ದರಿಂದ ಅನೇಕ ಕುಟುಂಬಗಳು ಉರಿಬಿಸಿಲಿನಲ್ಲೇ ಹೊರಡುತ್ತವೆ. ಸಾಧ್ಯವಿದ್ದರೆ ಟಿಕೆಟ್ ಕಾದಿರಿಸುವಾಗಲೇ ಮೇ ತಿಂಗಳ ಮೊದಲ ಭಾಗವನ್ನು ಇದಕ್ಕಾಗಿ ಎತ್ತಿಡುವುದು ಮೇಲು. ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಈ ಸೀಮೆಗೂ ತನ್ನದೇ ಆದ ಮಾನ್ಸೂನ್ ಇದೆ. ಮಲೆನಾಡಿನ ಜಡಿಮಳೆಯಂತೆ ಅದು ಸುರಿಯುವುದಿಲ್ಲ. ಬೆಳಿಗ್ಗೆ ನಿರ್ಮಲವಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ, ಎಲ್ಲೋ ಒಂದು ಕಡೆ ಗುಡುಗುಮಳೆ ಬಿದ್ದು, ಗಂಟೆಯೊಳಗೆ ಬಿಟ್ಟುಹೋಗುತ್ತದೆ. ಮಣ್ಣಿಲ್ಲದ ಬರಿಬಂಡೆಯ ಮೇಲೆ ಹೀಗೆ ಜೋರಾಗಿ ಬಿದ್ದ ನೀರಿನಲ್ಲಿ ಬಹುಪಾಲು ಇಂಗುವುದಿಲ್ಲ; ಆ ನೀರು ಹಳ್ಳಗಳಿಗೆ ಧುಮುಕಿ, ಕಲ್ಲುಮರಗಳನ್ನು ಹೊತ್ತು, ಕಿರುಗಮರಿಗಳಲ್ಲಿ ಗೋಡೆಯಂತೆ ನುಗ್ಗುತ್ತದೆ. ಇದನ್ನೇ ದಿಢೀರ್ ಪ್ರವಾಹ ಎನ್ನುವುದು.

ಪೇಜ್ ಊರಿನ ಪಕ್ಕದ ಆಂಟಿಲೋಪ್ ಕ್ಯಾನಿಯನ್ ಅಂಥ ಒಂದು ಕಿರುಗಮರಿ. ಕೆಲವೆಡೆ ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಇಕ್ಕಟ್ಟಾದ, ಪ್ರವಾಹಗಳೇ ತೀಡಿ ನುಣುಪಾಗಿಸಿದ ಅದರೊಳಕ್ಕೆ ಮೇಲಿನ ಸೀಳಿನಿಂದ ಬಿಸಿಲುಕೋಲು ಇಳಿಯುವುದನ್ನು ನೋಡಲು ಲೋಕದ ಎಲ್ಲ ಕಡೆಯಿಂದ ಜನ ಬರುತ್ತಾರೆ. 1997ರ ಆಗಸ್ಟ್ 12ರಂದು ಕಮರಿಯಿಂದ ದೂರದ ಮೇಲ್ಭಾಗದಲ್ಲಿ ಸುರಿದ ಮಳೆಯ ನೀರು ಇದ್ದಕ್ಕಿದ್ದಂತೆ ಒಳನುಗ್ಗಿ ಹನ್ನೊಂದು ಪ್ರವಾಸಿಗರು ಪ್ರಾಣ ಕಳೆದುಕೊಂಡರು. 2015ರ ಸೆಪ್ಟೆಂಬರ್ 14ರಂದು ಜಯಾನ್‌ನ ಕೀಹೋಲ್ ಎಂಬ ಕಿರುಗಮರಿಯಲ್ಲಿ ಏಳು ಜನ ಹೀಗೆಯೇ ತೀರಿಕೊಂಡರು. ತಲೆಯ ಮೇಲೆ ಆಕಾಶ ನೀಲಿಯಾಗಿರುವುದು ಇಂಥಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂಬುದನ್ನು ಮನೆಯ ಚಿಕ್ಕ ಮಕ್ಕಳಿಗೂ ಹೇಳಿಕೊಡಬೇಕು. ಪ್ರವಾಹದ ಸಾಧ್ಯತೆ ಎಷ್ಟೆಂಬುದನ್ನು ಹವಾಮಾನ ಇಲಾಖೆ ದಿನವೂ ಪ್ರಕಟಿಸುತ್ತದೆ. ಬೆಳಿಗ್ಗೆ ಅದನ್ನು ನೋಡದೆ ಕಿರುಗಮರಿಗೆ ಕಾಲಿಡಬಾರದು, ಮತ್ತು ಮಳೆಗಾಲದಲ್ಲಿ ನಡಿಗೆಯನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಬೇಕು.

ಎತ್ತರದ ವಿಚಾರವನ್ನು ನಮ್ಮವರು ಸಾಮಾನ್ಯವಾಗಿ ಮರೆಯುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಬ್ರೈಸ್‌ನ ಅಂಚು 2,400 ಮೀಟರಿಗೂ ಮೇಲೆ. ಮರುಭೂಮಿ ಎಂದು ಹತ್ತಿಯ ಬಟ್ಟೆಯಷ್ಟೇ ಕಟ್ಟಿಕೊಂಡು ಹೋದವರು ಮೇ ತಿಂಗಳ ರಾತ್ರಿಯಲ್ಲೂ ನಡುಗುತ್ತಾರೆ, ಉಸಿರಾಟದ ಅಥವಾ ಹೃದಯದ ತೊಂದರೆಯಿರುವ ಹಿರಿಯರು ಮೊದಲ ದಿನ ನಾಲ್ಕು ಹೆಜ್ಜೆಗೇ ದಣಿಯುತ್ತಾರೆ. ವೈದ್ಯರನ್ನು ಮೊದಲೇ ಕೇಳಿಕೊಂಡು, ಮೊದಲ ದಿನವನ್ನು ವಿಶ್ರಾಂತಿಗೆ ಬಿಡುವುದು ಒಳಿತು. ಕಮರಿಯೊಳಗಿನ ಸ್ಥಿತಿ ಇದಕ್ಕೆ ವಿರುದ್ಧ. ಇಳಿದಷ್ಟೂ ಸೆಕೆ ಏರುತ್ತ ಹೋಗಿ, ಅಂಚಿನಲ್ಲಿ ಹಿತವಾದ ಬಿಸಿಲಿರುವ ಜೂನ್ ದಿನದಲ್ಲಿ ನದಿಯ ಬಳಿ ನೆರಳಿನಲ್ಲೂ 40 ಡಿಗ್ರಿ ದಾಟಿರುತ್ತದೆ. ಬೆಟ್ಟ ಹತ್ತುವಾಗ ದಣಿದವರು ಹಿಂತಿರುಗಿ ಸುಲಭವಾಗಿ ಇಳಿಯಬಹುದು. ಕಮರಿಯಲ್ಲಿ ಸುಲಭದ ಇಳಿತವೇ ಮೊದಲು ಬರುವುದರಿಂದ ದಣಿವು ಗೊತ್ತಾಗುವ ಹೊತ್ತಿಗೆ ಹತ್ತುವ ದಾರಿಯೆಲ್ಲ ಉಳಿದಿರುತ್ತದೆ. ಒಂದೇ ದಿನದಲ್ಲಿ ನದಿಗೆ ಇಳಿದು ಮರಳುವ ಪ್ರಯತ್ನ ಬೇಡವೆಂದು ಉದ್ಯಾನದವರು ಅಲ್ಲಲ್ಲಿ ಫಲಕ ಹಾಕಿರುವುದು ಈ ಕಾರಣಕ್ಕೇ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಜೊತೆಗೆ ಉಪ್ಪಿನಂಶವಿರುವ ತಿನಿಸು ಕಾರಿನಲ್ಲಿ ಸದಾ ಇರಬೇಕು. ನಡೆಯಲಾಗದವರು ನಿರಾಶರಾಗಬೇಕಾದ್ದಿಲ್ಲ: ಬ್ರೈಸ್‌ನ ಸೂರ್ಯೋದಯ ಮತ್ತು ಸೂರ್ಯಾಸ್ತದ ತಾಣಗಳ ನಡುವಿನ ಅಂಚಿನ ದಾರಿ ಸಮತಟ್ಟಾಗಿದೆ, ಜಯಾನ್ ಕಮರಿಯೊಳಗೆ ಶಟಲ್ ಬಸ್ಸೇ ಕರೆದೊಯ್ಯುತ್ತದೆ.

ಮಾನ್ಯುಮೆಂಟ್ ವ್ಯಾಲಿಯೂ ಆಂಟಿಲೋಪ್ ಕ್ಯಾನಿಯನ್ನೂ ರಾಷ್ಟ್ರೀಯ ಉದ್ಯಾನಗಳಲ್ಲ. ಅವು ತಮ್ಮನ್ನು ದಿನೆ ಎಂದು ಕರೆದುಕೊಳ್ಳುವ ನವಾಹೊ ಜನರ ಸ್ವಂತ ನೆಲ. ಸುಮಾರು 70,000 ಚದರ ಕಿಲೋಮೀಟರ್ ವಿಸ್ತಾರದ ಈ ನೆಲಕ್ಕೆ ತನ್ನದೇ ಸರ್ಕಾರ, ತನ್ನದೇ ಕಾನೂನು ಇದೆ. 1864ರಲ್ಲಿ ಅಮೆರಿಕದ ಸೈನ್ಯ ಈ ಜನರನ್ನು ಇಲ್ಲಿಂದ ಎಬ್ಬಿಸಿ ನೂರಾರು ಕಿಲೋಮೀಟರ್ ದೂರಕ್ಕೆ ನಡೆಸಿಕೊಂಡು ಹೋಯಿತು. ದಾರಿಯಲ್ಲೂ ಸೆರೆಶಿಬಿರದಲ್ಲೂ ಬಹಳ ಮಂದಿ ಸತ್ತರು. 1868ರ ಒಪ್ಪಂದದ ಬಳಿಕ ಉಳಿದವರು ಮರಳಿ ಬಂದು ನೆಲೆಸಿದ ಊರು ಇದು. ಇಲ್ಲಿ ಮೇಜಿನಂತೆ ಅಗಲವಾದ ತಲೆಯ ಗುಡ್ಡಕ್ಕೆ ಮೇಸ ಎಂದೂ, ಅದು ಸವೆದು ಅಗಲಕ್ಕಿಂತ ಎತ್ತರ ಹೆಚ್ಚಾದಾಗ ಬ್ಯೂಟ್ ಎಂದೂ ಕರೆಯುತ್ತಾರೆ. 1939ರ ‘ಸ್ಟೇಜ್‌ಕೋಚ್’ ಚಿತ್ರದಿಂದ ಮೊದಲಾಗಿ ಜಾನ್ ಫೋರ್ಡ್ ತನ್ನ ಚಿತ್ರಗಳಲ್ಲಿ ಇವುಗಳನ್ನು ತೋರಿಸಿದ ಮೇಲೆ ಲೋಕಕ್ಕೆಲ್ಲ ಇವು ಪರಿಚಿತವಾದವು. ಆದರೆ ಇಲ್ಲಿನ ಜನರಿಗೆ ಇದು ಚಿತ್ರದ ಹಿನ್ನೆಲೆಯಲ್ಲ, ಮನೆಯಂಗಳ. ಅನುಮತಿಯಿಲ್ಲದೆ ಅವರ ಫೋಟೊ ತೆಗೆಯಬಾರದು, ಬಂಡೆಗಳನ್ನು ಹತ್ತಬಾರದು. ನವಾಹೊ ನೆಲದಲ್ಲಿ ಮದ್ಯ ನಿಷೇಧ. ಆಂಟಿಲೋಪ್ ಕ್ಯಾನಿಯನ್ನಿಗೆ ನವಾಹೊ ಮಾರ್ಗದರ್ಶಕರಿಲ್ಲದೆ ಪ್ರವೇಶವೇ ಇಲ್ಲ.

ಗಡಿಯಾರದ ಗೊಂದಲವೂ ಇಲ್ಲಿಯದೇ. ಬೇಸಿಗೆಯಲ್ಲಿ ಅಮೆರಿಕದ ಬಹುಭಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಸರಿಸುತ್ತದೆ, ಅರಿಜೋನ ರಾಜ್ಯ ಸರಿಸುವುದಿಲ್ಲ. ಆದರೆ ಅದೇ ಅರಿಜೋನದೊಳಗಿರುವ ನವಾಹೊ ನೆಲ ಸರಿಸುತ್ತದೆ. ಹೀಗಾಗಿ ಮಾನ್ಯುಮೆಂಟ್ ವ್ಯಾಲಿಯಲ್ಲಿ ಹತ್ತು ಗಂಟೆಯಾದಾಗ ಪೇಜ್‌ನಲ್ಲಿ ಒಂಬತ್ತು. ಆಂಟಿಲೋಪ್‌ನ ಮಾರ್ಗದರ್ಶಕರು ಅನುಸರಿಸುವುದು ಪೇಜ್‌ನ ಸಮಯವನ್ನೇ. ಮೊಬೈಲ್ ಯಾವ ಗೋಪುರಕ್ಕೆ ಸಿಕ್ಕಿಕೊಂಡಿದೆಯೋ ಆ ಗಂಟೆಯನ್ನು ತೋರಿಸುವುದರಿಂದ, ಕಾದಿರಿಸಿದ ಚೀಟಿಯಲ್ಲಿ ಯಾವ ಸಮಯವೆಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಶುಲ್ಕ ಮತ್ತು ಪರವಾನಗಿಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೆಲ್ಲ ಸಲ್ಲುವ ವಾರ್ಷಿಕ ಪಾಸಿನ ಬೆಲೆ 80 ಡಾಲರ್. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಅದು 250 ಡಾಲರ್ ಆಗಿದ್ದು, ಆ ಪಾಸ್ ಇಲ್ಲದ ಹೊರದೇಶದವರು ಗ್ರ್ಯಾಂಡ್ ಕ್ಯಾನಿಯನ್, ಜಯಾನ್, ಬ್ರೈಸ್ ಸೇರಿ ಹನ್ನೊಂದು ಉದ್ಯಾನಗಳಲ್ಲಿ ಸಾಮಾನ್ಯ ಶುಲ್ಕದ ಜೊತೆಗೆ ತಲಾ 100 ಡಾಲರ್ ಹೆಚ್ಚಿಗೆ ಕೊಡಬೇಕಾಗಿದೆ. ಊರಿನಿಂದ ಬಂದ ಹಿರಿಯರೊಡನೆ ಹೊರಡುವ ಕುಟುಂಬಗಳು ತಮಗೆ ಯಾವುದು ಅನ್ವಯಿಸುತ್ತದೆ ಎಂದು ಮೊದಲೇ ತಿಳಿದುಕೊಳ್ಳಬೇಕು. ಈ ಪಾಸ್ ನವಾಹೊ ನೆಲದಲ್ಲಿ ನಡೆಯುವುದಿಲ್ಲ. ಜಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಏಣನ್ನು ಹತ್ತಲು 2022ರಿಂದ ಲಾಟರಿಯ ಮೂಲಕ ಪರವಾನಗಿ ಪಡೆಯಬೇಕು. ಉದ್ಯಾನಗಳೊಳಗಿನ ವಸತಿಗೃಹಗಳು ವರ್ಷ ಮುಂಚೆಯೇ ಭರ್ತಿಯಾಗತೊಡಗುತ್ತವೆ.

ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣುರಸ್ತೆಗೆ ಅನುಮತಿಯಿದೆಯೇ ಎಂದು ಓದಿಕೊಳ್ಳುವುದು ಅಗತ್ಯ, ಏಕೆಂದರೆ ಮಾನ್ಯುಮೆಂಟ್ ವ್ಯಾಲಿಯ 27 ಕಿಲೋಮೀಟರಿನ ಸುತ್ತುದಾರಿಯೇ ಮಣ್ಣಿನದು. ಅನುಮತಿಯಿಲ್ಲದವರು ಸ್ಥಳೀಯರ ಜೀಪಿನಲ್ಲಿ ಹೋಗುವುದು ಲೇಸು. ಇಲ್ಲಿನ ಜೇಡಿಮಣ್ಣಿನ ದಾರಿಗಳು ಒಂದು ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತವೆ. ಪೆಟ್ರೋಲ್ ಅರ್ಧಕ್ಕೆ ಇಳಿದಾಗಲೇ ತುಂಬಿಸಿಕೊಳ್ಳಬೇಕು: 70ನೇ ಅಂತಾರಾಜ್ಯ ಹೆದ್ದಾರಿಯಲ್ಲಿ ಸಲೈನಾ ಮತ್ತು ಗ್ರೀನ್ ರಿವರ್ ಊರುಗಳ ನಡುವಿನ ಸುಮಾರು 175 ಕಿಲೋಮೀಟರಿನಲ್ಲಿ ಒಂದು ಬಂಕೂ ಇಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಉದ್ದುದ್ದ ಹಾದಿಗಳಿರುವುದರಿಂದ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಬೇಕು, ಕಾಗದದ ನಕ್ಷೆಯೂ ಒಂದಿರಲಿ. ಸಣ್ಣ ಊರುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಕಡಿಮೆ; ಅವಲಕ್ಕಿ, ಚಟ್ನಿಪುಡಿ, ಚಪಾತಿ, ಒಂದು ಪುಟ್ಟ ಅನ್ನದ ಕುಕ್ಕರ್ ಇದ್ದರೆ ಊಟದ ಚಿಂತೆ ಮುಗಿಯಿತು.

ಕೊನೆಯದಾಗಿ, ಯಾವ ಚಿತ್ರದಲ್ಲೂ ಕಾಣದ ಒಂದು ವಿಷಯವನ್ನು ಹೇಳಬೇಕು. ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್‌ನ ಬಂಡೆಗಳ ನಡುವಿನ ಮರಳುನೆಲದ ಮೇಲೆ, ಬಾಗಿ ನೋಡಿದರೆ, ಸೀದ ರೊಟ್ಟಿಯಂತೆ ಕಪ್ಪಾದ, ಸಣ್ಣ ಸಣ್ಣ ಗೋಪುರಗಳಂತೆ ಉಬ್ಬಿದ ಹೊಪ್ಪಳೆ ಕಾಣುತ್ತದೆ. ಅದು ಸತ್ತ ಮಣ್ಣಲ್ಲ. ನೀಲಿಹಸಿರು ಬ್ಯಾಕ್ಟೀರಿಯಾಗಳು, ಕಲ್ಲುಹೂವು, ಹಾವಸೆಗಳು ಕೂಡಿ ಮರಳಿನ ಕಣಗಳನ್ನು ಎಳೆಎಳೆಯಾಗಿ ಹೆಣೆದು ಮಾಡಿದ ಜೀವಂತ ಪದರ ಅದು. ಗಾಳಿಗೆ ಮರಳು ಹಾರದಂತೆ ಹಿಡಿದಿಡುವುದೂ, ಬಿದ್ದ ನಾಲ್ಕು ಹನಿ ನೀರನ್ನು ಉಳಿಸುವುದೂ, ಗಿಡಗಳಿಗೆ ಸಾರಜನಕ ಒದಗಿಸುವುದೂ ಅದೇ. ಫೋಟೊಗಾಗಿ ದಾರಿ ಬಿಟ್ಟು ಇಟ್ಟ ಒಂದೇ ಹೆಜ್ಜೆಗೆ ಅದು ಪುಡಿಯಾಗುತ್ತದೆ, ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕಾಗುತ್ತವೆ. ಅಲ್ಲಿಗೆ ಹೋಗುವ ಪ್ರತಿಯೊಬ್ಬರೂ ಗುರುತಿಸಿದ ಹಾದಿಯಲ್ಲಿ, ಇಲ್ಲವೇ ಬರಿಬಂಡೆಯ ಮೇಲೆ, ಇಲ್ಲವೇ ಒಣಗಿದ ಹಳ್ಳದ ಮರಳಿನಲ್ಲಿ ಮಾತ್ರ ಕಾಲಿಡಲಿ, ಜೊತೆಯ ಮಕ್ಕಳಿಗೂ ಹಾಗೆಯೇ ಇಡಲು ಕಲಿಸಲಿ.